ಓದುಗರ ಪ್ರಶ್ನೆ: ನಗುವ ಬಾಣಸಿಗನ ಪುಸ್ತಕ

● ಗುಲಾಮ ಬಾಣಸಿಗರೊಬ್ಬರ ಕುರಿತ ಮಕ್ಕಳ ಪುಸ್ತಕವನ್ನು ಅಮೆರಿಕದ ಪ್ರಕಾಶಕರೇ ವಾಪಸ್ ಪಡೆದರಂತೆ. ಅದರಲ್ಲಿದ್ದ ತಪ್ಪೇನು? — ಗ್ರಂಥಪಾಲಕಿ, ಧಾರವಾಡ

‘ಎ ಬರ್ತ್‌ಡೇ ಕೇಕ್ ಫಾರ್ ಜಾರ್ಜ್ ವಾಷಿಂಗ್ಟನ್’. ಸ್ಕೊಲಾಸ್ಟಿಕ್ ಸಂಸ್ಥೆ 2016ರ ಜನವರಿ 5ರಂದು ಹೊರತಂದು 17ರಂದು ವಿತರಣೆ ನಿಲ್ಲಿಸಿತು. ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಕೇಕ್ ಆಗಬೇಕು, ಸಕ್ಕರೆ ಖಾಲಿಯಾಗಿದೆ. ಬಾಣಸಿಗ ಹರ್ಕ್ಯುಲಿಸ್ ಉಪಾಯ ಹುಡುಕುತ್ತಾರೆ, ಮಗಳು ಡೆಲಿಯಾ ಕಥೆ ಹೇಳುತ್ತಾಳೆ. ಚಿತ್ರಗಳ ತುಂಬ ನಗುಮುಖ.

ಹರ್ಕ್ಯುಲಿಸ್ ಕಲ್ಪನೆಯ ಪಾತ್ರವಲ್ಲ. ಅವರು ವಾಷಿಂಗ್ಟನ್ನರ ಮೌಂಟ್ ವರ್ನನ್ ತೋಟದಿಂದ ತಪ್ಪಿಸಿಕೊಂಡದ್ದು 1797ರ ಫೆಬ್ರವರಿ 22ರಂದು. ಅಂದು ವಾಷಿಂಗ್ಟನ್ನರ 65ನೇ ಹುಟ್ಟುಹಬ್ಬ! ಕೇಕಿನ ಕಥೆ ಎಷ್ಟು ಹುಳಿಯಾಗುತ್ತದೆ ನೋಡಿ. ತಪ್ಪಿಸಿಕೊಂಡ ಸಂಗತಿಯನ್ನು ಲೇಖಕಿ ಮುಚ್ಚಿಟ್ಟಿರಲಿಲ್ಲ, ಕೊನೆಯ ಟಿಪ್ಪಣಿಯಲ್ಲಿ ಬರೆದಿದ್ದರು. ಎಡವಟ್ಟಾದದ್ದು ಅಲ್ಲೇ. ಚಿತ್ರಪುಸ್ತಕವನ್ನು ಐದು ವರ್ಷದ ಮಗು ಚಿತ್ರದಿಂದ ಓದುತ್ತದೆ. ಸಣ್ಣಕ್ಷರದ ಟಿಪ್ಪಣಿ ಬರುವ ಹೊತ್ತಿಗೆ ಮಡಿಲಿಂದ ಇಳಿದು ಹೋಗಿರುತ್ತದೆ.

● ಹೀಗೆ ವಾಪಸ್ ಪಡೆಯುವುದು ಸೆನ್ಸಾರ್‌ಶಿಪ್ ಅಲ್ಲವೇ? — ಓದುಗ, ಮೈಸೂರು

ಸರ್ಕಾರ ನಿಷೇಧಿಸಿರಲಿಲ್ಲ. ಆದರೂ ಬರಹಗಾರರ ಸಂಘಟನೆ ಪೆನ್ ಅಮೆರಿಕನ್ ಸೆಂಟರ್ ಮತ್ತು ಸೆನ್ಸಾರ್‌ಶಿಪ್ ವಿರೋಧಿ ರಾಷ್ಟ್ರೀಯ ಒಕ್ಕೂಟ ಈ ಕ್ರಮವನ್ನು ಜಂಟಿಯಾಗಿ ಆಕ್ಷೇಪಿಸಿದವು. ನನ್ನ ಮಟ್ಟಿಗೆ ನಷ್ಟ ಬೇರೆಯದು: ಪುಸ್ತಕದ ಜೊತೆ ಹರ್ಕ್ಯುಲಿಸರ ಹೆಸರೂ ಮಕ್ಕಳ ಕಪಾಟಿನಿಂದ ಹೋಯಿತು. ಆ ಟಿಪ್ಪಣಿಯನ್ನೇ ಕಥೆಯೊಳಗೆ ತಂದು, ಚಿತ್ರ ಹೊಸದಾಗಿ ಬರೆಸಿದ್ದರೆ ಒಳ್ಳೆಯ ಪುಸ್ತಕವಾಗುತ್ತಿತ್ತು.

ಅದರ ಹಿಂದಿನ ವರ್ಷ ‘ಎ ಫೈನ್ ಡೆಸರ್ಟ್’ ಪುಸ್ತಕಕ್ಕೂ ಇಂಥದೇ ಟೀಕೆ ಬಂದಿತ್ತು. ಅದರಲ್ಲಿ 1810ರ ಚಾರ್ಲ್ಸ್‌ಟನ್ ನಗರದಲ್ಲಿ ನಡೆಯುವ ಭಾಗದಲ್ಲಿ ಗುಲಾಮ ತಾಯಿ-ಮಗಳು ಒಡೆಯರಿಗೆ ಬಡಿಸಿ, ಕಪಾಟಿನಲ್ಲಿ ಅವಿತು ಬಟ್ಟಲು ನೆಕ್ಕುತ್ತಾರೆ. ಲೇಖಕಿ ಕ್ಷಮೆ ಕೇಳಿದರು, ಸಂಭಾವನೆಯನ್ನು ದಾನ ಮಾಡಿದರು. ಪುಸ್ತಕ ಮಾತ್ರ ಮಾರುಕಟ್ಟೆಯಲ್ಲೇ ಉಳಿಯಿತು.

ಆ ನಗು ಚಿತ್ರಪುಸ್ತಕಕ್ಕಷ್ಟೇ ಸೀಮಿತವಲ್ಲ ಅನ್ನಿ. ಗುಲಾಮರು ಕಲಿತ ಕೌಶಲ ಕೆಲವೊಮ್ಮೆ ಅವರ ಸ್ವಂತ ಲಾಭಕ್ಕೂ ಒದಗುತ್ತಿತ್ತೆಂದು ಪಾಠ ಮಾಡಬೇಕೆಂಬ ಮಾತು 2023ರಲ್ಲಿ ಫ್ಲಾರಿಡಾದ ಪಠ್ಯಕ್ರಮವನ್ನೇ ಸೇರಿತು.

● ಇಂಥ ಕಥೆಯನ್ನು ಕನ್ನಡಕ್ಕೆ ತರುವಾಗ ‘ಸ್ಲೇವ್’ ಎಂಬುದಕ್ಕೆ ಆಳು ಅನ್ನಬೇಕೋ ಜೀತದಾಳು ಅನ್ನಬೇಕೋ? — ಅನುವಾದಕಿ, ಶಿವಮೊಗ್ಗ

ಎರಡೂ ಬೇಡ. ಆಳಿಗೆ ಕೂಲಿ ಉಂಟು. ಜೀತಕ್ಕೆ ಸಾಲದ ಲೆಕ್ಕ ಉಂಟು, ಅದು ಕಳ್ಳ ಲೆಕ್ಕವೇ ಇರಲಿ. ನಮ್ಮ 1976ರ ಕಾಯ್ದೆ ಜೀತದ ಜೊತೆ ಆ ಸಾಲವನ್ನೂ ರದ್ದು ಮಾಡಿತು. ಹರ್ಕ್ಯುಲಿಸರ ಮೇಲೆ ಸಾಲವಿರಲಿಲ್ಲ, ಅವರೇ ಆಸ್ತಿ. ತಾಯಿ ಯಾರ ಆಸ್ತಿಯೋ ಮಗುವೂ ಅವರದೇ. ಡೆಲಿಯಾಳ ತಾಯಿ ಸೇರಿದ್ದು ಮಾರ್ಥಾ ವಾಷಿಂಗ್ಟನ್ನರ ಮೊದಲ ಗಂಡನ ಎಸ್ಟೇಟಿಗೆ. ಹಾಗಾಗಿ ವಾಷಿಂಗ್ಟನ್ನರ ಉಯಿಲಿನಂತೆ 1801ರ ಜನವರಿ 1ರಂದು ಅವರ ಗುಲಾಮರಿಗೆ ಬಿಡುಗಡೆಯಾದಾಗ ಅಪ್ಪ ಕಾನೂನಿನ ಪ್ರಕಾರ ಸ್ವತಂತ್ರರು, ಮಗಳು ಅಲ್ಲ.

‘ಗುಲಾಮ’ ಎಂದೇ ಬರೆಯಿರಿ. ಮೊದಲ ಸಲ ‘ಹರ್ಕ್ಯುಲಿಸರನ್ನು ವಾಷಿಂಗ್ಟನ್ ಗುಲಾಮರನ್ನಾಗಿ ಇಟ್ಟುಕೊಂಡಿದ್ದರು’ ಎಂದು ಇಟ್ಟುಕೊಂಡವರ ಹೆಸರನ್ನೂ ಹೇಳಿ. ಆಮೇಲೆ ಹರ್ಕ್ಯುಲಿಸ್ ಎಂದರೆ ಸಾಕು. ‘ಓಡಿಹೋದ’ ಬೇಡ, ಕನ್ನಡದಲ್ಲಿ ಅದಕ್ಕೆ ಕಳ್ಳತನದ ವಾಸನೆಯಿದೆ, ‘ತಪ್ಪಿಸಿಕೊಂಡರು’ ಒಳ್ಳೆಯದು. ಇನ್ನೊಂದು ಗುಂಡಿ: ವಾಷಿಂಗ್ಟನ್ ‘ಬಂದರು’, ಹರ್ಕ್ಯುಲಿಸ್ ‘ಬಂದ’. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಸರ್ವನಾಮ. ಆ ಮೇಲುಕೀಳು ನಾವು ಸೇರಿಸಿದ್ದು.

● ಆರು ವರ್ಷದ ಮಗುವಿಗೆ ಇದೆಲ್ಲ ಅರ್ಥವಾದೀತೆ? — ಪೋಷಕರು, ಬೆಂಗಳೂರು

1797ರಲ್ಲಿ ಮೌಂಟ್ ವರ್ನನ್‌ಗೆ ಬಂದಿದ್ದ ಲೂಯಿ ಫಿಲಿಪ್ (ಮುಂದೆ ಫ್ರಾನ್ಸಿನ ದೊರೆ) ದಿನಚರಿಯಲ್ಲಿ ಒಂದು ಸಂಗತಿ ಬರೆದಿದ್ದಾರೆ. ಅಪ್ಪ ಇನ್ನೆಂದೂ ಸಿಗುವುದಿಲ್ಲವೆಂದು ಬೇಸರವೇ ಎಂದು ಅವರ ಸೇವಕ ಹರ್ಕ್ಯುಲಿಸರ ಮಗಳನ್ನು ಕೇಳಿದ. ಇಲ್ಲ, ತುಂಬ ಸಂತೋಷ, ಅಪ್ಪ ಈಗ ಸ್ವತಂತ್ರರಲ್ಲವೇ ಅಂದಳು. ಅವಳಿಗೂ ಆಗ ಆರು ವರ್ಷ.