ಭಯೋತ್ಪಾದನೆಗೆ ಮಗನನ್ನು ಕಳೆದುಕೊಂಡ ಮನೆಯ ಕಣ್ಣೀರೇ ಯುದ್ಧಕ್ಕೆ ಸಾಕಷ್ಟು ಕಾರಣವಲ್ಲವೇ?

ಅಲ್ಲ. ಕಣ್ಣೀರು ನಿಜ, ಆದರೆ ಯಾರ ಮೇಲೆ ಯುದ್ಧ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಉಗ್ರರ ವಿಮಾನ ದಾಳಿಗೆ 2,977 ಜನ ಸತ್ತರು. ವಿಮಾನ ಅಪಹರಿಸಿದ 19 ಮಂದಿಯಲ್ಲಿ 15 ಜನ ಸೌದಿಯವರು. ಇರಾಕಿನವನು ಒಬ್ಬನೂ ಇರಲಿಲ್ಲ. ಆದರೂ 2003ರಲ್ಲಿ ಇರಾಕಿನ ಮೇಲೆ ದಾಳಿಗೆ ಜನರನ್ನು ಒಪ್ಪಿಸುವಾಗ ಅಮೆರಿಕದ ನಾಯಕರು ಆ ದಿನದ ನೆನಪನ್ನೇ ಮತ್ತೆ ಮತ್ತೆ ಮುಂದಿಟ್ಟರು. ಸೆಪ್ಟೆಂಬರ್ 11ರ ದಾಳಿಯಲ್ಲಿ, ಅದನ್ನು ನಡೆಸಿದ ಅಲ್ ಖೈದಾ ಎಂಬ ಉಗ್ರ ಸಂಘಟನೆಯ ಜೊತೆ ಇರಾಕ್ ಕೈಜೋಡಿಸಿದ್ದಕ್ಕೆ ಪುರಾವೆಯಿಲ್ಲವೆಂದು ಅಮೆರಿಕದ ತನಿಖಾ ಆಯೋಗವೇ 2004ರಲ್ಲಿ ಹೇಳಿತು. ಅಷ್ಟರಲ್ಲಿ ಬಾಗ್ದಾದ್ ಬಿದ್ದು ವರ್ಷ ದಾಟಿತ್ತು.

ಇದಕ್ಕೇ ನಮ್ಮಲ್ಲಿ 'ಉರಿಯೋ ಮನೇಲಿ ಗಳ ಹಿರಿಯೋದು' ಅನ್ನುವುದು.

ಅಂದು ಸತ್ತವರ ಕುಟುಂಬಗಳೆಲ್ಲ ಒಂದೇ ಮಾತಾಡಲಿಲ್ಲ ಎಂಬುದನ್ನೂ ಗಮನಿಸಿ. ಯುದ್ಧ ಬೇಕೆಂದವರಿದ್ದರು, ಅವರ ಸಿಟ್ಟನ್ನು ನಾನು ತಪ್ಪೆನ್ನುವುದಿಲ್ಲ. ಆದರೆ 2002ರಲ್ಲೇ ಕೆಲವರು 'ಪೀಸ್‌ಫುಲ್ ಟುಮಾರೋಸ್' ಎಂಬ ಸಂಘಟನೆ ಕಟ್ಟಿ, ನಮ್ಮ ದುಃಖದ ಹೆಸರಲ್ಲಿ ಬೇರೆ ತಾಯಂದಿರು ಅಳುವಂತೆ ಮಾಡಬೇಡಿ ಎಂದರು. ಟಿವಿಯಲ್ಲಿ ಯಾರ ಕಣ್ಣೀರು ಹೆಚ್ಚು ಹೊತ್ತು ಓಡಿತೆಂದು ನೀವೇ ಊಹಿಸಿ.

ಕೋಲಾರದ ನಮ್ಮೂರಲ್ಲಿ ಸಾವಿನ ಮನೆಗೆ ಹೋದವರು ತಿಥಿ ಮುಗಿಯುವ ತನಕ ಜಮೀನಿನ ಮಾತೆತ್ತುವುದಿಲ್ಲ. ಎತ್ತಿದರೆ ಅಜ್ಜಿಯರು ಬಾಗಿಲು ತೋರಿಸುತ್ತಾರೆ. ಕಣ್ಣೀರು ತೋರಿಸಿ ಯುದ್ಧ ಕೇಳುವವರನ್ನೂ ಕೇಳಬೇಕಾದ್ದು ಮೂರೇ: ಕೊಂದವರು ಯಾರು, ಗುಂಡು ಯಾರ ಮೇಲೆ ಬೀಳುತ್ತದೆ, ಸತ್ತವರ ಮನೆಯವರನ್ನು ಕೇಳಿದ್ದೀರಾ?