ದಡದಲ್ಲಿ ಪಕ್ಕದವರ ಗಾಳಕ್ಕೆ ಮೀನು ಬೀಳುತ್ತೆ, ಅದೇ ಎರೆ ಹಾಕಿದರೂ ನನಗೆ ಯಾಕೆ ಸಿಗಲ್ಲ?

ಎರೆ ಒಂದೇ ಆಗಿದ್ದರೆ, ವ್ಯತ್ಯಾಸ ಸಾಮಾನ್ಯವಾಗಿ ಅದು ಬೀಳುವ ಜಾಗದಲ್ಲಿರುತ್ತದೆ. ಮರಳಿನ ಕಡಲತೀರದಲ್ಲಿ ಹೊಸಬರು ಶಕ್ತಿಯೆಲ್ಲ ಹಾಕಿ ಆದಷ್ಟು ದೂರ ಎಸೆಯುತ್ತಾರೆ. ಮೀನು ಎಷ್ಟೋ ಸಲ ಅದಕ್ಕಿಂತ ಈಚೆಗೇ ಮೇಯುತ್ತಿರುತ್ತದೆ.

ಅಲೆ ನೀರಿನಡಿಯ ಮರಳುದಿಬ್ಬದ ಮೇಲೆ ಒಡೆದು ನೊರೆಯಾಗುತ್ತದೆ. ಆ ದಿಬ್ಬಕ್ಕೂ ದಡಕ್ಕೂ ನಡುವೆ ನೀರು ಕೊರೆದ ತಗ್ಗು ಇರುತ್ತದೆ. ಅಲೆ ಕೆದಕಿ ಎಬ್ಬಿಸಿದ ಹುಳು, ಪುಟ್ಟ ಏಡಿ, ಚಿಪ್ಪುಜೀವಿಗಳು ಅಲ್ಲಿ ಬಂದು ಸೇರುತ್ತವೆ, ಅವನ್ನು ಹುಡುಕಿಕೊಂಡು ಮೀನೂ ಬರುತ್ತದೆ. ನೊರೆ ಕಡಿಮೆಯಿದ್ದು ಸುತ್ತಲಿಗಿಂತ ಗಾಢವಾಗಿ ಕಾಣುವ ನೀರಿನ ಪಟ್ಟಿಯೇ ಆ ತಗ್ಗು. ಕೆಲವು ಕಡೆ 20–30 ಮೀಟರ್ ಎಸೆದರೇ ಸಾಕು.

ಹಾಗಾಗಿ ಪಕ್ಕದವರ ರಾಡ್ ಯಾವ ಕಂಪನಿಯದು ಅಂತ ವಿಚಾರಿಸುವ ಮೊದಲು ಅವರ ಸೀಸ (ಎರೆ ಮುಳುಗಲು ದಾರಕ್ಕೆ ಕಟ್ಟುವ ತೂಕ) ಎಲ್ಲಿ ಬೀಳುತ್ತದೆ ಅಂತ ಗಮನಿಸಿ. ಆಮೇಲೆ ಸೀಸ ಎಷ್ಟು ಗ್ರಾಂ, ಗಾಳ ಎಷ್ಟನೇ ನಂಬರ್ ಅಂತ ಕೇಳಿ. ಅವರು ಎರೆ ಬದಲಿಸುವ ಹೊತ್ತು ಇದಕ್ಕೆ ಒಳ್ಳೆಯದು. ರಾಡ್ ಬೀಸುವಾಗ ಹತ್ತಿರ ಹೋಗಲೇಬೇಡಿ, ಹಿಂದಕ್ಕೆ ಬರುವ ಗಾಳ ಮುಖಕ್ಕೆ ಸಿಕ್ಕಿಕೊಳ್ಳಬಹುದು.

ಎಸೆದ ಸ್ವಲ್ಪ ಹೊತ್ತಿಗೇ ನಿಮ್ಮ ದಾರ ಒಂದು ಪಕ್ಕಕ್ಕೆ ಸರಿಯುತ್ತಿದ್ದರೆ ಸೀಸ ಹಗುರವಾಗಿದೆ, ಸೆಳೆತ ಎರೆಯನ್ನು ತಗ್ಗಿನಿಂದ ಆಚೆ ಎಳೆಯುತ್ತಿದೆ. 20–30 ಗ್ರಾಂ ಹೆಚ್ಚಿಸಿ ನೋಡಿ, ಆದರೆ ರಾಡ್ ಮೇಲೆ ಬರೆದಿರುವ ಗರಿಷ್ಠ ತೂಕ ಮೀರಬೇಡಿ. ಎರೆ ಚುಚ್ಚುವಾಗ ಗಾಳದ ಮೊನೆ ಹೊರಗೆ ಕಾಣುವಂತಿರಲಿ. ಮೊನೆ ಎರೆಯೊಳಗೆ ಹುದುಗಿದ್ದರೆ ಮೀನು ಕಚ್ಚಿದರೂ ಬಾಯಿಗೆ ನಾಟದೇ ಹೋಗಬಹುದು.