ಮಾರ್ಚ್ ಮೊದಲ ವಾರ ಲೇಕ್ ಫೋರ್ಕ್‌ನಲ್ಲಿ ಬಾಸ್ ಹಿಡಿಯೋಕೆ ಗೈಡ್ ಬೇಕಾ, ಬಾಡಿಗೆ ದೋಣಿ ಸಾಕಾ?

ನೀವು ಬರೆದು ಕೇಳಿದ್ದೀರಿ, ಜೊತೆಗೆ ಶನಿವಾರವೇ ಹೋಗಬೇಕು, ದೊಡ್ಡ ಮೀನಿನ ಗ್ಯಾರಂಟಿ ಬೇಕು, ಮನೆಗೆ ತಂದು ಸಾರೂ ಮಾಡಬೇಕು ಅಂತ. ಲೇಕ್ ಫೋರ್ಕ್ ಅಂದರೆ ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಕಡೆಯ ದೊಡ್ಡ ಅಣೆಕಟ್ಟಿನ ಕೆರೆ; ಬಾಸ್ ಅಲ್ಲಿ ಗಾಳ ಹಾಕಿ ಹಿಡಿಯುವ ಮೀನು. ಡಲ್ಲಾಸ್‌ಗೆ ಬಂದ ಹೊಸದರಲ್ಲಿ ನಾನೂ ಸಿಕ್ಕಸಿಕ್ಕವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ಇರುವುದು ಒಂದೇ ದಿನ, ಬೇಕಾದದ್ದು ದೊಡ್ಡ ಬಾಸ್, ಗೈಡ್‌ಗೆ ಸುಮ್ನೆ ದುಡ್ಡು ಯಾಕೆ ಸುರಿಯಬೇಕು, ದೋಣಿ ತಗೊಂಡು ಇಬ್ಬರೇ ಹೋದರೆ ಆಗಲ್ವಾ ಅಂತ.

ಆಗಲ್ಲ. ಆ ಕೆರೆ ಸುಮಾರು 27,000 ಎಕರೆ ನೀರು. 1980ರಲ್ಲಿ ಅಣೆಕಟ್ಟು ಮುಗಿದು ನೀರು ತುಂಬುವಾಗ ಮರಗಳನ್ನು ಬಹುಪಾಲು ಹಾಗೇ ಬಿಟ್ಟರು. ಒಣಗಿ ನಿಂತ ಮರ ಕಣ್ಣಿಗೆ ಕಾಣುತ್ತದೆ, ನೀರಿಗೆ ಒಂದಡಿ ಕೆಳಗಿರುವ ಬೊಡ್ಡೆ ಕಾಣಲ್ಲ. ದೋಣಿ ಓಡಾಡೋಕೆ ಬೋಯಾ (ತೇಲುವ ಗುರುತು) ಕಟ್ಟಿ ಗುರುತು ಮಾಡಿದ ದಾರಿಗಳಿವೆ. ಮೀನು ಇರುವುದು ಆ ದಾರಿ ಬಿಟ್ಟು ಒಳಗೆ. ಅಲ್ಲಿ ಪ್ರೊಪೆಲ್ಲರ್ ಮುರಿದುಕೊಂಡರೆ ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಸರಿ.

ಹಾಗಂತ ಗೈಡ್ ಇದ್ದಾನೆ ಅಂದ ತಕ್ಷಣ ಮೀನು ಬಂತು ಅಂತಲೂ ಅಲ್ಲ. ನನಗೆ ಸಿಕ್ಕಿದ್ದವನು ಒಳ್ಳೆಯ ಗೈಡ್. ದಿನವೂ ಒಳ್ಳೆಯದೇ. ಎಲ್ಲ ಕೆಟ್ಟಿದ್ದು ಒಂದು ವಾರ ಮುಂಚೆ ಫೋನಿನಲ್ಲಿ.

ಬುಕ್ ಮಾಡುವಾಗ ಆತ ಕೇಳಿದ: ನಿಮ್ಮಿಬ್ಬರಿಗೂ ಬೇಟ್‌ಕಾಸ್ಟರ್ ಎಸೆದು ಅಭ್ಯಾಸ ಇದೆಯಾ? ಬೇಟ್‌ಕಾಸ್ಟರ್ ಅಂದರೆ ಗಾಳದ ಕೋಲಿಗೆ ಹಾಕುವ, ಪಳಗಿದ ಕೈ ಬೇಡುವ ಒಂದು ಬಗೆಯ ರೀಲು. ನಾನು ತಡಮಾಡದೆ, ನನಗಿದೆ, ನನ್ನ ಜೊತೆ ಬರುವವನಿಗೆ ಏನೂ ಬರಲ್ಲ ಅಂದೆ. ಆಗ ನನ್ನ ಹತ್ತಿರ ಹೊಸ ಬೇಟ್‌ಕಾಸ್ಟರ್ ಒಂದಿತ್ತು ನಿಜ. ಅಪಾರ್ಟ್‌ಮೆಂಟ್ ಹಿಂದಿನ ಕೊಳದಲ್ಲಿ ಗಾಳಿ ಇಲ್ಲದ ಸಂಜೆಗಳಲ್ಲಿ ಎಸೆದಿದ್ದೆ. ಚಿಕ್ಕವನಿದ್ದಾಗ ಹೇಮಾವತಿ ನಾಲೆಯಲ್ಲಿ ಬಿದಿರು ಕೋಲಿಗೆ ದಾರ ಕಟ್ಟಿ, ಎರೆಹುಳ ಚುಚ್ಚಿ ಮೀನು ಹಿಡಿದವನು ಎನ್ನುವ ಜಂಬ ಬೇರೆ. ಅವನ ಪ್ರಶ್ನೆ ನನ್ನ ಯೋಗ್ಯತೆಯ ಪರೀಕ್ಷೆ ಅಂದುಕೊಂಡೆ. ಅವನು ಕೇಳಿದ್ದು ಆ ದಿನ ಯಾವ ಜಾಗಕ್ಕೆ ಹೋಗುವುದು, ಯಾವ ಕೋಲು ಕಟ್ಟುವುದು ಅಂತ ತೀರ್ಮಾನ ಮಾಡೋಕೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ದುಡ್ಡು ಉಳಿಯುವುದು ಇಲ್ಲೇ.

ಫೆಬ್ರವರಿ ಕೊನೆ, ಮಾರ್ಚ್ ಶುರುವಿನಲ್ಲಿ ಅಲ್ಲಿ ನೀರು 55 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. 60 ದಾಟಿದ ಮೇಲೆ ಬಾಸ್ ದಡದ ಹತ್ತಿರ ಬಂದು ಮೊಟ್ಟೆ ಇಡುತ್ತವೆ. ಅದಕ್ಕೂ ಮೊದಲು, ಹೊಟ್ಟೆ ತುಂಬ ಮೊಟ್ಟೆ ಹೊತ್ತ ದೊಡ್ಡ ಹೆಣ್ಣು ಮೀನುಗಳು ಆಳದಿಂದ ಹೊರಟು ಕಾಲುವೆ ಬಾಯಿಯಲ್ಲಿ, ನೀರಿಗೆ ಚಾಚಿದ ದಿಬ್ಬದ ಮೂಲೆಯಲ್ಲಿ, ಹೈಡ್ರಿಲ್ಲಾ ಕಳೆಯ ಅಂಚಿನಲ್ಲಿ ಕಾಯುತ್ತಾ ನಿಲ್ಲುತ್ತವೆ. ಚೆನ್ನಾಗಿ ತಿನ್ನುತ್ತವೆ ಕೂಡ. ಆಗ ಇಲ್ಲಿಯವರು ಕಟ್ಟುವುದು ಅರ್ಧ ಔನ್ಸಿನ ಕೆಂಪು ಲಿಪ್‌ಲೆಸ್ ಕ್ರ್ಯಾಂಕ್‌ಬೇಟ್ ಅನ್ನುವ ನಕಲಿ ಮೀನು; ಹೀಗೆ ಗಾಳಕ್ಕೆ ಕಟ್ಟುವುದನ್ನೆಲ್ಲ ಬೇಟ್ ಅನ್ನುತ್ತಾರೆ. ಚಪ್ಪಟೆ ಮೀನಿನ ಆಕಾರ, ಒಳಗೆ ಗುಂಡು ಗಲಗಲ ಅನ್ನುತ್ತವೆ. ದೂರ ಎಸೆಯಬೇಕು. ಕಳೆಯ ತುದಿಗೆ ತಾಗುವಷ್ಟು ಮುಳುಗಿಸಿ ಎಳೆಯಬೇಕು. ಅದು ಕಳೆಗೆ ಸಿಕ್ಕಿಕೊಳ್ಳುತ್ತದೆ. ಕೋಲನ್ನು ಜೋರಾಗಿ ಒದರಿದರೆ ಬಿಡಿಸಿಕೊಂಡು ಚಿಮ್ಮುತ್ತದೆ. ಬಾಸ್ ಹೊಡೆಯುವುದು ಹೆಚ್ಚಾಗಿ ಆ ಚಿಮ್ಮುವ ಕ್ಷಣದಲ್ಲೇ. ಇಡೀ ಬೆಳಗ್ಗೆ ಈ ಕೆಲಸ ಮಾಡೋಕೆ ಗಟ್ಟಿ ಕೋಲು, ದಪ್ಪ ಲೈನು, ಬೇಟ್‌ಕಾಸ್ಟರ್ ಬೇಕು.

ಆ ದಿನ ಹವಾಮಾನ ಹೇಗಿತ್ತು ಅಂದರೆ, ಹತ್ತು ಗಂಟೆ ಹೊತ್ತಿಗೆ ಕೋಲ್ಡ್ ಫ್ರಂಟ್, ಅಂದರೆ ಉತ್ತರದ ತಣ್ಣನೆ ಗಾಳಿಯ ಅಲೆ, ಬರುವುದಿತ್ತು. ಅಲ್ಲಿವರೆಗೆ ಬೆಚ್ಚಗಿನ ದಕ್ಷಿಣದ ಗಾಳಿ, ಮೋಡ. ಫ್ರಂಟ್ ಬರುವ ಮುಂಚಿನ ಆ ಹೊತ್ತಿನಲ್ಲಿ ಬಾಸ್ ಮೈಮೇಲೆ ಬಂದ ಹಾಗೆ ತಿನ್ನುತ್ತವೆ. ನನ್ನ ಮಾತು ನಂಬಿದ ಗೈಡ್ ದೋಣಿಯನ್ನು ನೇರ ಗಾಳಿಗೆ ಎದುರಾಗಿ ಒಂದು ದಿಬ್ಬದ ಮೂಲೆಗೆ ತಂದು ನಿಲ್ಲಿಸಿದ. ಎಸೆಯೋಕೆ ಬರುವವನಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಬೇಟ್‌ಕಾಸ್ಟರ್‌ನಲ್ಲಿ ಲೈನು ಸುತ್ತಿರುವ ಉರುಳೆಯೇ ತಿರುಗುತ್ತದೆ. ಎಸೆದಾಗ ಬೇಟ್ ಲೈನನ್ನು ಎಳೆದುಕೊಂಡು ಹೋಗುತ್ತದೆ, ಆ ಎಳೆತಕ್ಕೆ ಉರುಳೆ ತಿರುಗುತ್ತದೆ. ಎದುರುಗಾಳಿಗೆ ಬೇಟ್ ಅರ್ಧ ದಾರಿಯಲ್ಲಿ ನಿಧಾನವಾಗುತ್ತದೆ. ಉರುಳೆಗೆ ಅದರ ಪರಿವೆಯೇ ಇಲ್ಲ, ಅದು ತನ್ನ ಪಾಡಿಗೆ ಗಿರಗಿರ ಲೈನು ಬಿಡುತ್ತಲೇ ಇರುತ್ತದೆ. ಹೆಬ್ಬೆರಳನ್ನು ಹಗುರವಾಗಿ ಒತ್ತಿ ನಾವೇ ಬ್ರೇಕ್ ಹಾಕಬೇಕು. ಜಾಸ್ತಿ ಒತ್ತಿದರೆ ಬೇಟ್ ದೋಣಿ ಪಕ್ಕದಲ್ಲೇ ದೊಪ್ಪನೆ ಬೀಳುತ್ತದೆ. ಕಮ್ಮಿ ಒತ್ತಿದರೆ ರೀಲಿನೊಳಗೆ ಲೈನು ಶಾವಿಗೆ ರಾಶಿ ಹಾಕಿದ ಹಾಗೆ ಉಬ್ಬಿ ಗಂಟಾಗುತ್ತದೆ. ಕೊಳದ ಸಂಜೆಗಳಲ್ಲಿ ನನ್ನ ಹೆಬ್ಬೆರಳಿಗೆ ಗಾಳಿಯ ಪಾಠ ಆಗಿರಲಿಲ್ಲ. ಸ್ಪಿನ್ನಿಂಗ್ ರೀಲಿನಲ್ಲಿ ಈ ತಾಪತ್ರಯ ಇಲ್ಲ. ಅದರ ಉರುಳೆ ಎಸೆಯುವಾಗ ತಿರುಗುವುದೇ ಇಲ್ಲ, ಲೈನು ಅಂಚಿನಿಂದ ಜಾರಿಕೊಂಡು ಹೋಗುತ್ತದೆ, ಬೇಟ್ ನಿಂತರೆ ಲೈನೂ ನಿಲ್ಲುತ್ತದೆ.

ಮೊದಲ ಎಸೆತಕ್ಕೇ ಗಂಟು. ಬಿಡಿಸಿ ಎಸೆದೆ, ಮತ್ತೆ ಗಂಟು. ಗೈಡ್ ಬ್ರೇಕ್ ತಿರುಪು ಬಿಗಿ ಮಾಡಿಕೊಟ್ಟ. ಬೇರೆ ಕೋಲು ಕೊಟ್ಟ. ಅದನ್ನೂ ಹಾಳು ಮಾಡಿದೆ.  ಉಗುರಿನಿಂದ ಒಂದೊಂದೇ ಸುರುಳಿ ಎತ್ತುತ್ತಾ ತಲೆ ತಗ್ಗಿಸಿ ಕೂತಿದ್ದೆ.

ನನ್ನ ಜೊತೆಗಿದ್ದವನು ಆಫೀಸಿನ ಗೆಳೆಯ, ತುಮಕೂರು ಕಡೆಯವನು, ಜೀವಮಾನದಲ್ಲಿ ಗಾಳ ಮುಟ್ಟಿರಲಿಲ್ಲ. ಏನೂ ಬರಲ್ಲ ಅಂತ ನಾನೇ ಹೇಳಿದ್ದೆನಲ್ಲ, ಗೈಡ್ ಅವನಿಗೊಂದು ಸ್ಪಿನ್ನಿಂಗ್ ಕೋಲಿಗೆ ಜರ್ಕ್‌ಬೇಟ್ ಅನ್ನುವ ಉದ್ದನೆಯ ನಕಲಿ ಮೀನು ಕಟ್ಟಿ ತಂದಿದ್ದ. ಕೋಲನ್ನು ಎರಡು ಸಲ ಒದರು, ಐದು ಎಣಿಸು, ಮತ್ತೆ ಒದರು. ಪಾಠ ಅಷ್ಟೇ. ಅವನು ಎಣಿಸುವುದು ಕನ್ನಡದಲ್ಲಿ ನನಗೆ ಕೇಳುತ್ತಿತ್ತು. ನಾಲ್ಕು ಅನ್ನುವಷ್ಟರಲ್ಲಿ ಅವನ ಕೋಲು ಬಾಗಿತು. ಏಳು ಪೌಂಡು ಚಿಲ್ಲರೆ! ಗೈಡ್ ಬಲೆ ಹಿಡಿದು ಬರುವಾಗ ನನ್ನ ಕಾಲು ಅಡ್ಡ, ನನ್ನ ಲೈನಿನ ರಾಶಿ ಅಡ್ಡ.

ಹತ್ತಕ್ಕೆ ಗಾಳಿ ನಿಂತಿತು. ಸ್ವಲ್ಪ ಹೊತ್ತಿಗೆ ಉತ್ತರದಿಂದ ಬೀಸತೊಡಗಿತು. ಮೋಡ ಹರಿದು ನೀಲಿ ಆಕಾಶ, ಕಡಿಯುವ ಚಳಿ. ಮೀನು ಬಾಯಿ ಮುಚ್ಚಿದವು. ಆಮೇಲೆ ಕಾಲುವೆಯ ಆಳದಲ್ಲಿ ಜಿಗ್ (ತಳಕ್ಕೆ ಮುಳುಗುವ ಭಾರದ ಬೇಟ್) ಎಳೆಯುತ್ತಾ ಸಂಜೆ ಮಾಡಿದ್ದೇ ಬಂತು. ದಡಕ್ಕೆ ಬಂದಾಗ ಗೈಡ್ ಬೇಸರವಿಲ್ಲದೆ ಹೇಳಿದ್ದು: ಮೊದಲೇ ಹೇಳಿದ್ದರೆ ನಿನಗೂ ಸ್ಪಿನ್ನಿಂಗ್ ಕೋಲೇ ತರುತ್ತಿದ್ದೆ, ಗಾಳಿ ಬೆನ್ನಿಗೆ ಬರುವ ಜಾಗಕ್ಕೆ ಹೋಗುತ್ತಿದ್ದೆವು.

ಅದಕ್ಕೇ ನಿಮ್ಮ "ಗೈಡಾ, ದೋಣಿಯಾ" ಪ್ರಶ್ನೆ ನನಗೆ ಪ್ರಶ್ನೆ ಅಂತಲೇ ಅನಿಸಲ್ಲ. ಗೈಡ್ ಮಾಡಿಕೊಳ್ಳಿ. ತಲೆ ಕೆಡಿಸಿಕೊಳ್ಳಬೇಕಾದ್ದು ಅವನಿಗೆ ಏನು ಹೇಳುತ್ತೀರಿ ಅನ್ನುವುದಕ್ಕೆ. ಎಸೆಯೋಕೆ ಬರಲ್ಲ ಅಂದರೆ ಬರಲ್ಲ ಅನ್ನಿ. ಬೆನ್ನುನೋವಿದ್ದರೆ, ಇಡೀ ದಿನ ನಿಲ್ಲೋಕೆ ಆಗಲ್ಲ ಅಂದರೆ ಅದನ್ನೂ ಹೇಳಿ. ಈಗ ಎಷ್ಟೋ ಗೈಡ್‌ಗಳು ಲೈವ್‌ಸ್ಕೋಪ್ ಅನ್ನುವ, ನೀರೊಳಗಿನ ಮೀನನ್ನು ಆಗಿಂದಾಗಲೇ ತೋರಿಸುವ ಸೋನಾರ್ ಪರದೆಯಲ್ಲಿ ಒಂದೊಂದೇ ಮೀನು ಹುಡುಕಿ ಅದರ ತಲೆ ಮೇಲೆ ಎಸೆಸುತ್ತಾರೆ. ಮೀನು ಸಿಗುತ್ತದೆ, ಸುಳ್ಳಲ್ಲ. ನನಗೆ ಮಾತ್ರ ಟಿವಿ ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕು ಅನಿಸುತ್ತದೆ. ನಿಮಗೂ ಹಾಗನಿಸಿದರೆ ಬುಕ್ ಮಾಡುವಾಗಲೇ ಹೇಳಿಬಿಡಿ.

ದಿನ ಶನಿವಾರವೇ ಆಗಬೇಕು ಅಂತ ಬರೆದಿದ್ದೀರಿ. ಬೇಡ. ಆ ವಾರದಲ್ಲಿ ಎರಡು ಮೂರು ದಿನ ಬಿಡುವಿಟ್ಟುಕೊಂಡು, ಯಾವುದು ಒಳ್ಳೆಯದು ಅಂತ ಗೈಡ್‌ನನ್ನೇ ಆರಿಸೋಕೆ ಬಿಡಿ. ಫ್ರಂಟ್ ಹಾದು ಹೋದ ಮಾರನೆಯ ದಿನಕ್ಕಿಂತ ಒಂದು ರಜೆ ಕಳೆದುಕೊಳ್ಳುವುದು ವಾಸಿ. ಅರ್ಧ ದಿನ ಸಾಕು ಅನ್ನುವುದಾದರೆ ಮಧ್ಯಾಹ್ನದ್ದು ತಗೊಳ್ಳಿ. ಮೀನು ಅಂದರೆ ನಸುಕಿನಲ್ಲೇ ಅನ್ನುವುದು ಬೇಸಿಗೆಯ ಮಾತು. ವಸಂತದ ಶುರುವಿನಲ್ಲಿ ಬಿಸಿಲಿಗೆ ನೀರು ಎರಡು ಡಿಗ್ರಿ ಏರಿದರೂ ಮೀನು ಮೇಲೆ ಬರುತ್ತವೆ. ಉತ್ತರದ ಗಾಳಿಗೆ ಮರೆಯಾದ ಮೂಲೆಗಳು ಮೊದಲು ಬೆಚ್ಚಗಾಗುತ್ತವೆ.

ದೊಡ್ಡ ಮೀನಿನ ಗ್ಯಾರಂಟಿ ಕೇಳಿದ್ದೀರಿ. ಕೊಡುವವನ ಹತ್ತಿರ ಹೋಗಬೇಡಿ. ಟೆಕ್ಸಾಸ್‌ನ ದಾಖಲೆ ಬಾಸ್ 18.18 ಪೌಂಡು, 1992ರ ಜನವರಿಯಲ್ಲಿ ಇದೇ ಕೆರೆಯಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಹಿಡಿದದ್ದು. ಆತ ಆಗ ಕ್ರಾಪಿ ಅನ್ನುವ ಚಿಕ್ಕ ಮೀನಿಗೆ ಗಾಳ ಬಿಟ್ಟಿದ್ದ! ಒಂದು ವೇಳೆ 13 ಪೌಂಡು ದಾಟಿದ್ದು ನಿಮಗೇ ಸಿಕ್ಕಿದರೆ, ಮಾರ್ಚ್ ಕೊನೆಯೊಳಗೆ ಅದನ್ನು ಸರ್ಕಾರದ ಮರಿ ಬೆಳೆಸುವ ಕೇಂದ್ರಕ್ಕೆ ಸಾಲ ಕೊಡಬಹುದು. ಆ ಯೋಜನೆ 1986ರಲ್ಲಿ ಶುರುವಾದದ್ದೂ ಇಲ್ಲಿಯ 17.67 ಪೌಂಡಿನ ಮೀನಿನಿಂದಲೇ.

ಇನ್ನು ಮನೆಗೆ ತಂದು ಸಾರು ಮಾಡುವ ವಿಷಯ. ಈ ಕೆರೆಯಲ್ಲಿ 16ರಿಂದ 24 ಇಂಚಿನ ಬಾಸ್ ಇಟ್ಟುಕೊಳ್ಳುವ ಹಾಗಿಲ್ಲ, ನೀರಿಗೆ ಬಿಡಲೇಬೇಕು. ನಿಮಗೆ ಸಿಗುವ ಒಳ್ಳೆಯ ಮೀನೆಲ್ಲ ಬಹುಶಃ ಅದೇ ಅಳತೆಯವು. 24 ದಾಟಿದ್ದು ದಿನಕ್ಕೆ ಒಂದು ಇಟ್ಟುಕೊಳ್ಳಬಹುದು, ಆದರೆ ಅಷ್ಟು ದೊಡ್ಡದನ್ನು ಕೊಲ್ಲುತ್ತೀನಿ ಅಂದರೆ ಗೈಡ್ ಮುಖ ನೋಡೋಕಾಗಲ್ಲ. ತಿನ್ನುವ ಆಸೆಯೇ ಜಾಸ್ತಿ ಇದ್ದರೆ ಕ್ರಾಪಿ ಹಿಡಿಸುವ ಗೈಡ್ ಬೇರೆ ಇರುತ್ತಾರೆ, ಅವರಿಗೆ ಫೋನ್ ಮಾಡಿ. ಹುರಿದರೆ ಬಾಸ್‌ಗಿಂತ ರುಚಿ.

ಮೈ ಮುಚ್ಚುವ ಮಳೆ ಕೋಟು, ಕೈಗವಸು ಮರೆಯಬೇಡಿ. ಬಾಸ್ ದೋಣಿ ಗಂಟೆಗೆ 60 ಮೈಲಿ ಓಡುತ್ತದೆ, ಬೆಳಗ್ಗೆ ಕಣ್ಣಲ್ಲಿ ನೀರು ಬರುತ್ತದೆ. ಕೋಲು, ರೀಲು, ಬೇಟ್ ಏನೂ ಕೊಂಡುಕೊಂಡು ಬರಬೇಡಿ, ಎಲ್ಲ ಅವನ ಹತ್ತಿರ ಇರುತ್ತವೆ. ಲೈಸೆನ್ಸ್ ಮಾತ್ರ ನಿಮ್ಮದೇ ಜವಾಬ್ದಾರಿ. ಒಂದು ದಿನದ್ದು ಆನ್‌ಲೈನ್ ಸಿಗುತ್ತದೆ, ಹೊರರಾಜ್ಯದವರ ದರ ಬೇರೆ. ಹಿಂದಿನ ರಾತ್ರಿಯೇ ತಗೊಂಡಿರಿ. ಟಿಪ್ಸ್‌ಗೆ ಕ್ಯಾಶ್ ಇಟ್ಟುಕೊಳ್ಳಿ.